ತಾತನ ತೋಟಾಗೆ ಹುಣಸೆಹಣ್ಣು ಬೇಡ

ಓದುಗರ ಪ್ರಶ್ನೆ, ನಿವೃತ್ತ ಬಂದೂಕು ಪರೀಕ್ಷಕರ ಉತ್ತರ

ಪ್ರಶ್ನೆ: ಸರ್, ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಬೆಳೆ ಕಾಯೋಕೆ ಅಂತ ತಾತನಿಗೆ ಕೋವಿ ಲೈಸೆನ್ಸ್ ಇತ್ತು. ಅವರು ತೀರಿಕೊಂಡ ಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸಿದೆವು. ಈಗ ಹಳೇ ಮನೆ ಕೆಡವುವಾಗ ಟ್ರಂಕಿನಲ್ಲಿ ಪಂಚೆ ಚೂರಿನಲ್ಲಿ ಸುತ್ತಿದ್ದ ಒಂಬತ್ತು ತೋಟಾ ಸಿಕ್ಕಿವೆ. ಎಂಟು ತುಂಬಿದವು, ಒಂದು ಖಾಲಿ. ತಳದ ಹಿತ್ತಾಳೆಗೆ ಕಿಲುಬು ಹಿಡಿದಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ನೆನಪಿಗೆ ಇಟ್ಕೊಳ್ಳೋಣ ಅಂತಾರೆ ಅವ್ವ. ಇಷ್ಟು ಹಳೇ ಮದ್ದಿಗೆ ಇನ್ನೂ ಜೀವ ಇರುತ್ತಾ? ನಾವೇ ಬಿಚ್ಚಿ ಮದ್ದು ತೆಗೆಯಬಹುದಾ? ಲ್ಯಾಬಿನವರು ಹೇಗೆ ಬಿಚ್ಚುತ್ತಾರೆ?

ಉತ್ತರ: ಮೊದಲು ಅವ್ವನ ಕೈಯಿಂದ ಹುಣಸೆಹಣ್ಣು ಇಸ್ಕೊಳ್ಳಿ. ಆಮೇಲೆ ಮಾತಾಡೋಣ.

ಜೀವ ಇದೆ ಅಂತಲೇ ತಿಳಿಯಬೇಕು. ಮದ್ದು ಹಾಲಲ್ಲ, ತಾರೀಖು ಮುಗಿದ ಕೂಡಲೇ ಒಡೆದುಹೋಗೋಕೆ. ಒಣ ಜಾಗದಲ್ಲಿದ್ದರೆ ಐವತ್ತು ವರ್ಷ ಹಳೆಯ ತೋಟಾನೂ ಸಿಡಿಯಬಹುದು. ಶೀತ ಹಿಡಿದದ್ದು ಸಿಡಿಯದೇ ಇರಬಹುದು, ಇಲ್ಲವೇ ಹೊಡೆದ ಸ್ವಲ್ಪ ಹೊತ್ತಿನ ಮೇಲೆ ಸಿಡಿಯಬಹುದು. ಮೇಲಿಂದ ನೋಡಿ ಇದು ಸತ್ತಿದೆ ಅಂತ ಹೇಳೋಕೆ ಆಗಲ್ಲ. ಮೂವತ್ತು ವರ್ಷ ಅದೇ ಕೆಲಸ ಮಾಡಿದ ನನಗೂ ಆಗಲ್ಲ.

ತೋಟಾದ ತಳದ ನಡುವೆ ಒಂದು ಸಣ್ಣ ಬೊಟ್ಟು ಕಾಣುತ್ತೆ ಅಲ್ವಾ, ಅದು ಕೇಪು. ದೀಪಾವಳಿಗೆ ಮಕ್ಕಳ ಪಿಸ್ತೂಲಿಗೆ ಹಾಕ್ತೀವಲ್ಲ, ಅದರ ದೊಡ್ಡಣ್ಣ. ಕೋವಿಯ ಮೊಳೆ ಅದಕ್ಕೆ ಬಡಿದರೆ ಕಿಡಿ, ಕಿಡಿಗೆ ಮದ್ದು ಹೊತ್ತಿ ಚರೆ, ಅಂದರೆ ಒಳಗಿನ ಸಣ್ಣ ಸಣ್ಣ ಗುಂಡು, ಹಾರುತ್ತೆ. ಇಡೀ ತೋಟಾದಲ್ಲಿ ಮುಂಗೋಪಿ ಅಂದರೆ ಈ ಕೇಪೇ. ತಿಕ್ಕುವಾಗ, ಬಿಚ್ಚುವಾಗ, ಕೈ ಜಾರಿ ಕಲ್ಲಿನ ಮೇಲೆ ಬಿದ್ದಾಗ ಪೆಟ್ಟು ತಿನ್ನೋದೂ ಅದೇ. ಕೋವಿಯೊಳಗೆ ಇಲ್ಲದೆ ಸಿಡಿದರೆ ಚರೆ ಜಾಸ್ತಿ ದೂರ ಹೋಗಲ್ಲ, ಒತ್ತಡ ಹಿಡಿದಿಡೋಕೆ ನಳಿಗೆ ಇರೋದಿಲ್ಲ ನೋಡಿ. ಆದರೆ ಹಿತ್ತಾಳೆ ಚೂರು ಹಾರಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತೆ. ಹಾಗಾಗಿ ಒಲೆಗೆ ಬೇಡ, ಕಸದ ಬೆಂಕಿಗೆ ಬೇಡ. ನಾಲೆಗೂ ಎಸೀಬೇಡಿ.

ಮೈಸೂರಿನಲ್ಲಿ ದಸರಾ ದಿನ 21 ಕುಶಾಲತೋಪು ಹಾರಿಸುತ್ತಾರೆ. ಅದರಲ್ಲಿ ಗುಂಡೇ ಇರೋದಿಲ್ಲ, ಬರೀ ಮದ್ದು. ಆದರೂ ಸಿಬ್ಬಂದಿ ಎಷ್ಟೋ ದಿನ ಮುಂಚೆಯೇ ಒಣ ತಾಲೀಮು ಶುರು ಮಾಡುತ್ತಾರೆ. ಮದ್ದಿಗೆ ಅಷ್ಟು ಮರ್ಯಾದೆ ಕೊಡಲೇಬೇಕು.

ಇನ್ನು ಲ್ಯಾಬಿನ ವಿಷಯ. ಅಲ್ಲಿ ತೋಟಾ ಬಿಚ್ಚೋದು ಕೊನೆಯ ಕೆಲಸ. ಎಷ್ಟೋ ಸಲ ಬಿಚ್ಚೋದೇ ಇಲ್ಲ. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ವಿಧಿ ವಿಜ್ಞಾನ ಪ್ರಯೋಗಾಲಯ ಇದೆ. ಇಂಥ ಕಡೆ ಪೊಟ್ಟಣ ಬಂದರೆ ಮೊದಲು ಫೋಟೊ. ಬೆರಳಚ್ಚು ಬೇಕೆಂದರೆ ಅದನ್ನು ಎತ್ತಿದ ಮೇಲೇ ಮಿಕ್ಕಿದ್ದು. ಆಮೇಲೆ ತೂಕ, ಅಳತೆ. ತಳದ ಮೇಲಿನ ಅಚ್ಚು ಓದುತ್ತಾರೆ. ನಿಮ್ಮ ತೋಟಾ ಮೇಲೆ ಕೆ.ಎಫ್. ಅಂತ ಇದ್ದರೆ ಅದು ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯದು. 12 ಅಂತ ಇದ್ದರೆ ಬೋರು. ಒಂದು ಪೌಂಡ್ ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದೊಂದೂ ಎಷ್ಟು ದಪ್ಪ ಬರುತ್ತೋ, ನಳಿಗೆಯ ಬಾಯಿ ಅಷ್ಟು ಅಗಲ ಅಂತ ಅರ್ಥ. ಸುಮಾರು 18.5 ಮಿ.ಮೀ.

ತೋಟಾ ಕೆಲಸ ಮಾಡುತ್ತಾ ಅಂತ ಕೋರ್ಟು ಕೇಳಿದರೆ, ಸುಸ್ಥಿತಿಯಲ್ಲಿದ್ದರೆ ಮಾತ್ರ ಹಾರಿಸಿ ನೋಡೋದು. ಕನ್ನಡಕ, ಕಿವಿಮುಚ್ಚಿಗೆ ಇಲ್ಲದೆ ಯಾರೂ ಒಳಗೆ ಹೋಗೋ ಹಾಗಿಲ್ಲ. ನಾಡ ಪಿಸ್ತೂಲು ಬಂದರೆ ಕೈಯಲ್ಲಿ ಹಿಡಿಯೋದೇ ಇಲ್ಲ. ಸ್ಟ್ಯಾಂಡಿಗೆ ಬಿಗಿದು, ಮರೆಯಲ್ಲಿ ನಿಂತು ದಾರ ಎಳೀತೀವಿ. ಗುಂಡು ಉದ್ದನೆಯ ನೀರಿನ ತೊಟ್ಟಿಗೆ ಹೋಗುತ್ತೆ. ನೀರು ಅದನ್ನು ನಜ್ಜುಗುಜ್ಜಾಗದ ಹಾಗೆ ನಿಲ್ಲಿಸುತ್ತೆ. ಆ ಕೋಣೆಯಲ್ಲಿ ಟೀ ಕುಡಿಯೋ ಹಾಗಿಲ್ಲ, ಹೊಗೆಯಲ್ಲಿ ಸೀಸ ಇರುತ್ತೆ. ನಮ್ಮ ಹುಡುಗರಿಗೆ ಬೇರೆಲ್ಲ ನಿಯಮಕ್ಕಿಂತ ಇದೇ ಕಷ್ಟ ಆಗ್ತಿತ್ತು.

ಕಿಲುಬು ಹಿಡಿದ, ಊದಿಕೊಂಡ, ಬಿರುಕು ಬಿಟ್ಟ ತೋಟಾವನ್ನು ಹಾರಿಸೋದಿಲ್ಲ. ನಿಮ್ಮ ಎಂಟೂ ಅದೇ ಗುಂಪು. ಬಿಚ್ಚಲೇಬೇಕಾದರೆ ಅದಕ್ಕೆಂದೇ ಮಾಡಿದ ಸಲಕರಣೆ ಇದೆ, ಒಂದು ಸಲಕ್ಕೆ ಒಂದೇ ತೋಟಾ. ಇಕ್ಕಳ, ಸ್ಕ್ರೂಡ್ರೈವರ್ ಹಿಡಿದು ಮನೆಯಲ್ಲಿ ಮಾಡೋ ಕೆಲಸ ಅಲ್ಲ. ಅದಕ್ಕಿಂತ ಹೆಚ್ಚಿಗೆ ನಾನು ಹೇಳೋದೂ ಇಲ್ಲ.

ತಿಕ್ಕಬೇಡಿ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ, ಅದು ಖಾಲಿ ತೋಟಾಗೆ ಸೇರಿದ್ದು. ನಿಮ್ಮ ತಾತನ ಕೋವಿಯಂಥವಕ್ಕೆ ನಳಿಗೆ ಒಳಗೆ ನುಣುಪು. ಚರೆ ನೋಡಿ ಯಾವ ಕೋವಿ ಅಂತ ಹೇಳೋಕೆ ಆಗಲ್ಲ. ಆದರೆ ಕೇಪಿನ ಮೇಲೆ ಮೊಳೆ ಬಡಿದ ಗುಳಿ ಉಳಿದಿರುತ್ತೆ. ಎರಡು ಖಾಲಿ ತೋಟಾಗಳ ಗುಳಿಯನ್ನು ಜೋಡಿ ಸೂಕ್ಷ್ಮದರ್ಶಕದಲ್ಲಿ ಪಕ್ಕಪಕ್ಕ ಇಟ್ಟು, ಗೆರೆಗೆ ಗೆರೆ ಕೂಡುತ್ತಾ ನೋಡ್ತೀವಿ. 1920ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ವಿದ್ಯೆ ಇದು. ಪಿಸ್ತೂಲು, ರೈಫಲ್ಲಾದರೆ ನಳಿಗೆಯ ಒಳಗಿನ ತಿರುವು ಗೆರೆಗಳು ಗುಂಡಿನ ಮೇಲೂ ಮೂಡುತ್ತವೆ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಗೆ ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಬಳಕೆಯಾಗಿದೆ ಅಂತ ವರದಿ ಹೇಳಿದ್ದು ಇಂಥ ಗುರುತುಗಳನ್ನು ಹೋಲಿಸಿಯೇ.

ಒಂದು ಸಲ ಒಂದು ಠಾಣೆಯಿಂದ ಬಂದ ಖಾಲಿ ತೋಟಾದ ತಳದ ಮೇಲೆ ಯಾರೋ ಪುಣ್ಯಾತ್ಮರು ಮೊಳೆಯಿಂದ ಕೇಸಿನ ನಂಬರು ಕೆತ್ತಿದ್ದರು. ಅಂದವಾಗಿಯೇ ಕೆತ್ತಿದ್ದರು. ಗುಳಿಯ ಅರ್ಧ ಆ ನಂಬರಿನಡಿ ಹೋಗಿತ್ತು. ನಾನು ವರದಿಯಲ್ಲಿ 'ಹೋಲಿಸಲು ಯೋಗ್ಯವಲ್ಲ' ಅಂತ ಬರೆದೆ. ಹುಣಸೆಹಣ್ಣು, ಪೀತಾಂಬರಿ ಪುಡಿ ಮಾಡೋದೂ ಹೆಚ್ಚುಕಮ್ಮಿ ಅದನ್ನೇ.

ಈಗ ನೀವು ಮಾಡಬೇಕಾದದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ, ಇಟ್ಟುಕೊಳ್ಳುವ ಹಕ್ಕು ಮುಗಿದ ಕೋವಿಯಾಗಲಿ ತೋಟಾಗಲಿ ತಡಮಾಡದೆ ಠಾಣೆಗೆ ಒಪ್ಪಿಸಬೇಕು. ಸಿಕ್ಕಿದ್ದು ಈಗ, ಹೇಳೋದೂ ಈಗಲೇ ಆಗಲಿ. ಭಯ ಬೇಡ. ಗೊತ್ತಿಲ್ಲದೆ ಮನೆಯಲ್ಲಿ ಇದ್ದದ್ದು ಬೇರೆ, ಗೊತ್ತಾದ ಮೇಲೂ ಬಚ್ಚಿಟ್ಟದ್ದು ಬೇರೆ. ಟ್ರಂಕನ್ನು ನೆರಳಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಬಿಡಿ. ಠಾಣೆಗೋ 112ಕ್ಕೋ ಫೋನ್ ಮಾಡಿ, ಬಂದು ತಗೊಂಡು ಹೋಗಿ ಅಂತ ಹೇಳಿ. ಚೀಲಕ್ಕೆ ಹಾಕ್ಕೊಂಡು ಬಸ್ಸು ಹತ್ತಬೇಡಿ. ತಾತನ ಹಳೇ ಲೈಸೆನ್ಸ್ ಪುಸ್ತಕ, ಕೋವಿ ಒಪ್ಪಿಸಿದ ರಸೀದಿ ಹುಡುಕಿಟ್ಟುಕೊಳ್ಳಿ. ತೋಟಾ ಕೊಟ್ಟದ್ದಕ್ಕೂ ಎಣಿಸಿ ಬರೆಸಿ ರಸೀದಿ ಕೇಳಿ, ಖಾಲಿಯದೂ ಸೇರಿ ಒಂಬತ್ತು.

ಪಂಚೆ ಚೂರು ಬೇಡ ಅಂತ ಅವರು ಹೇಳಿದರೆ ಅದನ್ನು ಅವ್ವ ಇಟ್ಟುಕೊಳ್ಳಲಿ. ಬೇರೆ ಬಟ್ಟೆ ಜೊತೆ ಸೇರಿಸದೆ ಒಗೆದು.