ಕೆನಡಾದಲ್ಲಿ ದಿವಾಳಿ ಅರ್ಜಿ ಹಾಕಿದರೆ ಊರಿನ ಹೊಲಕ್ಕೇನಾಗುತ್ತದೆ?

ತಮ್ಮಾ, ಕೆಲಸ ಹೋಯಿತು, ಕ್ರೆಡಿಟ್ ಕಾರ್ಡ್ ಸಾಲ ಕುತ್ತಿಗೆಗೆ ಬಂದಿದೆ, ದಿವಾಳಿ ಅರ್ಜಿ ಹಾಕಿದರೆ ಪಿಆರ್ (ಕೆನಡಾದಲ್ಲಿ ಕಾಯಂ ಆಗಿ ಇರುವ ಹಕ್ಕು) ಹೋಗುತ್ತಾ, ಇಲ್ಲಾ ಸುಮ್ನೆ ಜಮಖಂಡಿಗೆ ವಾಪಸ್ ಹೋಗಿಬಿಡಲಾ ಅಂತ ಕೇಳಿದ್ದೀಯ. ಹೋಗಬೇಡ. ದಿವಾಳಿಯಾದ ಮಾತ್ರಕ್ಕೆ ಪಿಆರ್ ಹೋಗುವುದಿಲ್ಲ. ನಮ್ಮೂರಲ್ಲಿ ದಿವಾಳಿ ಎದ್ದವನ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ, ಇಲ್ಲಿ ಅದು ಕಾನೂನೇ ಇಟ್ಟಿರುವ ದಾರಿ.

ಅರ್ಜಿಯನ್ನು ಸರ್ಕಾರದ ಲೈಸೆನ್ಸ್ ಇರುವ ಟ್ರಸ್ಟಿ, ಅಂದರೆ ದಿವಾಳಿಯಾದವರ ಸಾಲ-ಆಸ್ತಿ ನೋಡಿಕೊಳ್ಳುವವರ ಮೂಲಕವೇ ಹಾಕಬೇಕು. ಹಾಕಿದ ಮೇಲೆ ಕಾರ್ಡಿನವರು ನಿನ್ನ ಹಿಂದೆ ಬೀಳುವಂತಿಲ್ಲ. ಮೊದಲ ಸಲ, ಆದಾಯ ಸರ್ಕಾರದ ಮಿತಿಯೊಳಗಿದೆ, ಎರಡು ಕೌನ್ಸೆಲಿಂಗ್ ಮುಗಿಸಿದ್ದೀಯ, ತಿಂಗಳ ಲೆಕ್ಕ ಕೊಟ್ಟಿದ್ದೀಯ, ಯಾರೂ ತಕರಾರು ತೆಗೆದಿಲ್ಲ ಅಂದರೆ 9 ತಿಂಗಳಿಗೆ ತಾನಾಗಿಯೇ ಡಿಸ್ಚಾರ್ಜ್, ಅಂದರೆ ಸಾಲದಿಂದ ಬಿಡುಗಡೆ. ಆದಾಯ ಜಾಸ್ತಿ ಇದ್ದರೆ 21 ತಿಂಗಳು, ಜೊತೆಗೆ ದುಡಿಮೆಯಲ್ಲಿ ಒಂದು ಪಾಲು ಕಟ್ಟಬೇಕು. ಆಮೇಲೆ ಕಾರ್ಡ್ ಸಾಲ ಇಲ್ಲ. ಕೋರ್ಟ್ ದಂಡ, ಜೀವನಾಂಶ, ಮೋಸದಿಂದ ಮಾಡಿದ ಸಾಲದಂಥವು ಉಳಿಯುತ್ತವೆ. ಇಲ್ಲಿನ ಸರ್ಕಾರಿ ವಿದ್ಯಾರ್ಥಿ ಸಾಲವೂ ಓದು ಬಿಟ್ಟು 7 ವರ್ಷ ಆಗಿರದಿದ್ದರೆ ಹೋಗುವುದಿಲ್ಲ.

ಈಗ ಊರಿನ ವಿಷಯ, ನನಗೆ ಚಿಂತೆ ಇರುವುದೇ ಇಲ್ಲಿ. ಉತಾರದಲ್ಲಿ ನಿನ್ನ ಹೆಸರಿರುವ ಕಬ್ಬಿನ ಹೊಲ, ಬಾಗಲಕೋಟೆಯ ನವನಗರದ ಸೈಟು, ಎಲ್ಲವನ್ನೂ ಟ್ರಸ್ಟಿಗೆ ಹೇಳಲೇಬೇಕು, ಯಾಕೆಂದರೆ ಆಸ್ತಿ ಎಲ್ಲೇ ಇರಲಿ, ಸಾಲ ಕೊಟ್ಟವರಿಗೆ ಹಂಚಲು ಈ ಕಾನೂನಿನ ಲೆಕ್ಕಕ್ಕೆ ಬರುತ್ತದೆ. ಇಷ್ಟು ದೂರ ಯಾರು ಬಂದು ನೋಡುತ್ತಾರೆ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಮುಚ್ಚಿಟ್ಟರೆ ಅಪರಾಧ, ಡಿಸ್ಚಾರ್ಜ್‌ಗೂ ಕಲ್ಲು ಬೀಳುತ್ತದೆ. ಅರ್ಜಿಗೆ ಮುಂಚೆ ಅಣ್ಣನ ಹೆಸರಿಗೆ ಬರೆದುಕೊಟ್ಟರೂ ಅಷ್ಟೇ, ಮನೆಯವರಿಗೆ ಪುಕ್ಕಟೆ ಕೊಟ್ಟದ್ದನ್ನು 5 ವರ್ಷ ಹಿಂದಿನವರೆಗೂ ಕೆದಕಬಹುದು.

ಇನ್ನೊಂದು, ಡಿಸ್ಚಾರ್ಜ್ ಬಿಡಿಸುವುದು ನಿನ್ನನ್ನು ಮಾತ್ರ, ಜಾಮೀನು ಹಾಕಿದವರನ್ನಲ್ಲ. ಬೆಳಗಾವಿಯ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಅಪ್ಪ ಸಹಿ ಹಾಕಿದ್ದಾರೆ ಅಲ್ವಾ? ಬ್ಯಾಂಕಿನವರು ಅವರ ಬಾಗಿಲಿಗೆ ಬರುತ್ತಾರೆ. ಅದಕ್ಕೇ ಅರ್ಜಿಗೆ ಮೊದಲು ಅಪ್ಪನ ಹತ್ತಿರ ಮಾತಾಡು, ಬೇರೆಯವರಿಂದ ಅವರಿಗೆ ಗೊತ್ತಾಗಬಾರದು. ಮದುವೆಯ ಮಾತು ನಡೆದಿದೆ ಅಂದಿದ್ದೆ, ಡಿಸ್ಚಾರ್ಜ್ ಆಗುವವರೆಗೆ ಹೆಂಡತಿಯನ್ನು ಸ್ಪಾನ್ಸರ್ ಮಾಡಿ ಕರೆಸಲು ಆಗುವುದಿಲ್ಲ, ಬೀಗರಾಗುವವರಿಗೂ ಅದನ್ನು ತಿಳಿಸು.

ಹೊಲ ಉಳಿಯಲೇಬೇಕು ಅಂದರೆ ದಿವಾಳಿಯ ಬದಲಿನ ದಾರಿಯಾದ ಕನ್ಸ್ಯೂಮರ್ ಪ್ರಪೋಸಲ್ ಬಗ್ಗೆ ಟ್ರಸ್ಟಿಯನ್ನು ಕೇಳು. ಮನೆ ಸಾಲ ಬಿಟ್ಟು ಒಟ್ಟು ಸಾಲ 2,50,000 ಡಾಲರ್ ಒಳಗಿದ್ದರೆ ಆಗುತ್ತದೆ. ಸಾಲ ಕೊಟ್ಟವರು ಒಪ್ಪಿದರೆ ಸಾಲದ ಒಂದು ಭಾಗವನ್ನು ಹೆಚ್ಚೆಂದರೆ 5 ವರ್ಷದಲ್ಲಿ ಕಂತಿನಲ್ಲಿ ಕಟ್ಟುವುದು, ಆಸ್ತಿ ನಿನ್ನ ಹೆಸರಲ್ಲೇ ಇರುತ್ತದೆ. ಆದರೆ ಕಟ್ಟಲು ಸಂಬಳ ಬೇಕಲ್ಲ, ಮೊದಲು ಯಾವುದಾದರೂ ಕೆಲಸ ಹಿಡಿ.