ಕಬ್ಬಿಣದ ಗುಳಿಗೆ ನುಂಗಿದ್ದ ಮಗು ಮೂರು ವಾರದ ಮೇಲೆ ಮತ್ತೆ ವಾಂತಿ ಮಾಡುತ್ತಿದ್ದರೆ ಅಜೀರ್ಣವೇ?

ಅಲ್ಲ ಅಕ್ಕಾ, ಅಜೀರ್ಣ ಅಂತ ಬಿಡಬೇಡಿ, ಇವತ್ತೇ ತೋರಿಸಿ. ನೀವು ಬಸುರಿದ್ದಾಗ ಕೊಟ್ಟ ಕೆಂಪು ಗುಳಿಗೆಗಳನ್ನು ಎರಡು ವರ್ಷದ ಮಗ ನುಂಗಿದ್ದ, ಜಮಖಂಡಿಯ ದವಾಖಾನೆಯಲ್ಲಿ ಇಟ್ಟುಕೊಂಡು ಕಳಿಸಿದರು, ಆಮೇಲೆ ಚೆನ್ನಾಗಿ ಆಡಿಕೊಂಡಿದ್ದ, ಈಗ ಮೂರು ವಾರದ ಮೇಲೆ ಉಂಡಿದ್ದೆಲ್ಲ ಕಕ್ಕುತ್ತಿದ್ದಾನೆ ಅಂತ ಬರೆದಿದ್ದೀರಿ. ನಾನು ವಿಜಯಪುರದಲ್ಲಿ ಮಕ್ಕಳ ವಾರ್ಡಿನ ನರ್ಸ್. ಆ ಮೂರು ವಾರ ಅನ್ನೋ ಮಾತೇ ನನಗೆ ಭಯ ಹುಟ್ಟಿಸಿದ್ದು.

ಕಬ್ಬಿಣ ಜಾಸ್ತಿ ಹೋದರೆ ಜಠರ ಮತ್ತು ಸಣ್ಣ ಕರುಳಿನ ಒಳಪದರ ಸುಡುತ್ತದೆ. ಸುಟ್ಟ ಗಾಯ ಮಾಯುವಾಗ ಚರ್ಮ ಸೆಳೆದುಕೊಂಡು ಬಿಗಿಯುತ್ತದಲ್ವಾ, ಒಳಗೂ ಹಾಗೇ ಆಗಿ ಅನ್ನ ಇಳಿಯುವ ದಾರಿ ಕಿರಿದಾಗುತ್ತದೆ. ಹೆಚ್ಚಾಗಿ ಜಠರ ಮುಗಿದು ಕರುಳು ಶುರುವಾಗುವ ಜಾಗದಲ್ಲೇ. ಇದು ಕಾಣಿಸಿಕೊಳ್ಳುವುದು 2ರಿಂದ 8 ವಾರದ ನಡುವೆ. ಆವತ್ತು ಮನೆಗೆ ಕಳಿಸಿದ ಡಾಕ್ಟರ್ ಮೇಲೆ ಸಿಟ್ಟಾಗಬೇಡಿ, ಆಗ ಗಾಯ ಇನ್ನೂ ಬಿಗಿದಿರಲಿಲ್ಲ.

ಎಷ್ಟು ಗುಳಿಗೆ ಅಂತ ನೀವು ಬರೆದಿಲ್ಲ. ಸರ್ಕಾರದ ಆ ಕೆಂಪು ಗುಳಿಗೆ ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮೈತೂಕದ ಕಿಲೋಗೆ 20 ಮಿಲಿಗ್ರಾಂ ದಾಟಿದರೆ ಹೊಟ್ಟೆ ಕೆಡುತ್ತದೆ, 60 ದಾಟಿದರೆ ಜೀವಕ್ಕೇ ಅಪಾಯ. ಅಂದರೆ 10 ಕಿಲೋ ಮಗುವಿಗೆ ಹತ್ತೇ ಗುಳಿಗೆ ಸಾಕು.

ವಾಂತಿಯನ್ನು ಸರಿಯಾಗಿ ನೋಡಿ. ಬೆಳಿಗ್ಗೆ ಉಂಡಿದ್ದು ಸಂಜೆಗೆ ಹಾಗೇ ಬಂದರೆ, ಉಂಡ ಮೇಲೆ ಹೊಟ್ಟೆಯ ಮೇಲ್ಭಾಗ ಉಬ್ಬಿದರೆ, ತೂಕ ಇಳಿದಿದ್ದರೆ ದಾರಿ ಕಟ್ಟಿದೆ ಅನ್ನೋ ಅನುಮಾನ ಗಟ್ಟಿಯಾಗುತ್ತದೆ. ಹಸಿರು ವಾಂತಿ, ರಕ್ತ, ಉಚ್ಚೆ ಕಡಿಮೆ, ಮಂಪರು, ಇದರಲ್ಲಿ ಒಂದಿದ್ದರೂ ರಾತ್ರಿಯಾದರೂ ಸರಿ, ಗಾಡಿ ಹತ್ತಿ. ಅತ್ತೆಯವರು ದೃಷ್ಟಿ ಆಗಿದೆ ಅಂತಾರಲ್ವಾ, ದೃಷ್ಟಿ ತೆಗೆದೇ ಹೊರಡಿ, ಆದರೆ ಹೊರಡಿ. ಅಜವಾನ ನೀರು, ಮೆಡಿಕಲ್ ಶಾಪಿನ ವಾಂತಿ ಸಿರಪ್ಪು ಕೊಟ್ಟು ಕಾಯಬೇಡಿ.

ನಿಮಗೆ ಬಾಗಲಕೋಟೆ, ವಿಜಯಪುರ ಎರಡರಲ್ಲೂ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಸಿಗುತ್ತದೆ. ಮೊದಲು ಸಲೈನ್ ಹಾಕಿ, ವಾಂತಿಯಿಂದ ಇಳಿದ ಪೊಟ್ಯಾಸಿಯಂ ಸರಿಮಾಡುತ್ತಾರೆ. ಆಮೇಲೆ ಎಕ್ಸ್‌ರೇಯಲ್ಲಿ ದಾರಿ ಕಾಣಲಿ ಅಂತ ಬೇರಿಯಂ ಅನ್ನೋ ಬಿಳಿ ದ್ರವ ಕುಡಿಸಿ ಎಕ್ಸ್‌ರೇ, ಅಥವಾ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ. ನಿಜವಾಗಿಯೂ ಕಿರಿದಾಗಿದ್ದರೆ ಬಲೂನಿನಿಂದ ಹಿಗ್ಗಿಸುತ್ತಾರೆ, ಇಲ್ಲವೇ ಆಪರೇಷನ್. ಆಪರೇಷನ್ ಅಂದ ಕೂಡಲೇ ಎದೆ ಒಡೆದುಕೊಳ್ಳಬೇಡಿ, ದಾರಿ ಬಿಡಿಸಿದ ಮೇಲೆ ಮಕ್ಕಳು ಉಣ್ಣುತ್ತಾರೆ.

ಹಳೆಯ ಡಿಸ್ಚಾರ್ಜ್ ಕಾರ್ಡು, ಗುಳಿಗೆಯ ಖಾಲಿ ಪಟ್ಟಿ ಉಳಿದಿದ್ದರೆ ಅದನ್ನೂ ಕೈಯಲ್ಲಿ ಹಿಡಿದುಕೊಳ್ಳಿ. ಡಾಕ್ಟರ ಮುಂದೆ ಕೂತ ಕೂಡಲೇ ವಾಂತಿ ಅಂತ ಶುರು ಮಾಡದೆ, ಇವನು ಮೂರು ವಾರದ ಹಿಂದೆ ಕಬ್ಬಿಣದ ಗುಳಿಗೆ ನುಂಗಿದ್ದ ಅಂತ ಮೊದಲು ಹೇಳಿ.