ಜರ್ಮನಿಯ ಬೇಸಿಗೆ ಕೆಲಸ ಮುಗಿಯಿತು, ಲೆಕ್ಕ ಮುಗಿಯಲಿಲ್ಲ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಜುಲೈ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಪಾಠ ಇರುವುದಿಲ್ಲ. ಕರ್ನಾಟಕದಿಂದ ಓದಲು ಹೋದ ಅನೇಕರು ಆ ಮೂರು ತಿಂಗಳಲ್ಲಿ ಗೋದಾಮು, ಕಾರ್ಖಾನೆ, ಹೋಟೆಲ್‌ಗಳಲ್ಲಿ ದುಡಿದು, ಮಿಕ್ಕ ದಿನಗಳಲ್ಲಿ ಯೂರೋಪ್ ಸುತ್ತುತ್ತಾರೆ. 2025ರ ಬೇಸಿಗೆ ಮುಗಿಸಿ ಮತ್ತೆ ತರಗತಿಗೆ ಹೋಗುತ್ತಿರುವವರು ಮತ್ತು ಅವರ ಮನೆಯವರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಮೊತ್ತಗಳೆಲ್ಲ 2025ರವು.

ಪ್ರಶ್ನೆ: ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಒಂದು ಗೋದಾಮಿನಲ್ಲಿ ವಾರಕ್ಕೆ 40 ಗಂಟೆ, ಗಂಟೆಗೆ 13.50 ಯೂರೊದಂತೆ ಕೆಲಸ ಮಾಡಿದೆ. ತಿಂಗಳಿಗೆ 2,340 ಯೂರೊ ಅಂದರು, ಕೈಗೆ ಬಂದದ್ದು ಸುಮಾರು 1,937. ಈ ವರ್ಷ ಬೇರೆ ದುಡಿಮೆ ಇಲ್ಲ. ಕಡಿತವಾದ ಹಣ ವಾಪಸ್ ಬರುತ್ತದೆಯೇ?
— ಆಖನ್‌ನಲ್ಲಿ ಓದುತ್ತಿರುವ ಹುಬ್ಬಳ್ಳಿಯ ವಿದ್ಯಾರ್ಥಿ

ಉತ್ತರ: ಒಂದು ಭಾಗ ಪೂರ್ತಿ ಬರುತ್ತದೆ, ಇನ್ನೊಂದು ಭಾಗ ಬರುವುದಿಲ್ಲ. ಸಂಬಳ ಚೀಟಿಯನ್ನು ಎದುರಿಗಿಟ್ಟುಕೊಂಡು ನೋಡಿ. ‘ಲೋನ್‌ಷ್ಟೊಯರ್’ ಎಂಬ ಸಾಲಿನಲ್ಲಿ ಸುಮಾರು 185 ಯೂರೊ ಇರಬೇಕು. ಇದು ಸಂಬಳದ ಮೇಲಿನ ತೆರಿಗೆ, ನಮ್ಮ ಟಿಡಿಎಸ್ ಇದ್ದ ಹಾಗೆ. ಅದರ ಕೆಳಗೆ ‘ರೆಂಟನ್‌ಫರ್‌ಸಿಷರುಂಗ್’ ಸಾಲಿನಲ್ಲಿ 217.62 ಇರುತ್ತದೆ. ಅದು ಪಿಂಚಣಿ ವಂತಿಗೆ, ಸಂಬಳದ ಶೇ 9.3.

ತೆರಿಗೆ ಯಾಕೆ ಹಿಡಿದರು ಎಂದರೆ, ಸಂಬಳ ಹಾಕುವ ತಂತ್ರಾಂಶ ನೀವು ವರ್ಷವಿಡೀ ತಿಂಗಳಿಗೆ 2,340 ದುಡಿಯುತ್ತೀರಿ ಎಂದು ಎಣಿಸಿ ಲೆಕ್ಕ ಹಾಕುತ್ತದೆ. ನೀವು ದುಡಿದದ್ದು ಎರಡೇ ತಿಂಗಳು, ಒಟ್ಟು 4,680 ಯೂರೊ. 2025ರಲ್ಲಿ 12,096 ಯೂರೊವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಅದರ ಮೇಲೆ, ಸಂಬಳದಾರರಿಗೆ ಖರ್ಚಿನ ಬಾಬ್ತು 1,230 ಯೂರೊ ತಾನಾಗಿ ಕಳೆಯುತ್ತದೆ. ಹಾಗಾಗಿ ಎರಡು ತಿಂಗಳ ತೆರಿಗೆ, ಹತ್ತಿರ ಹತ್ತಿರ 370 ಯೂರೊ, ನಿಮ್ಮದೇ ಹಣ, ತೆರಿಗೆ ವಿವರ (ರಿಟರ್ನ್) ಸಲ್ಲಿಸಿದರೆ ಮರಳುತ್ತದೆ. ಪಿಂಚಣಿ ವಂತಿಗೆ ಮಾತ್ರ ಹಾಗೆ ಮರಳುವುದಿಲ್ಲ.

ಮುಂದಿನ ಫೆಬ್ರುವರಿ ಕೊನೆಯೊಳಗೆ ಮಾಲೀಕರು ‘ಲೋನ್‌ಷ್ಟೊಯರ್‌ಬೆಶೈನಿಗುಂಗ್’ ಮಾಹಿತಿಯನ್ನು ತೆರಿಗೆ ಕಚೇರಿಗೆ ಕಳಿಸುತ್ತಾರೆ, ನಮ್ಮ ಫಾರ್ಮ್ 16ರ ಹಾಗೆ. ಅದಕ್ಕೇ ಮಾರ್ಚ್‌ವರೆಗೆ ಕಾದರೆ ವಾಸಿ. ಅಷ್ಟರಲ್ಲಿ ಸರ್ಕಾರದ ಉಚಿತ ಜಾಲತಾಣ ‘ಎಲ್ಸ್ಟರ್’ನಲ್ಲಿ 11 ಅಂಕಿಯ ಷ್ಟೊಯರ್ ಐಡಿ (ತೆರಿಗೆ ಗುರುತಿನ ಸಂಖ್ಯೆ) ಕೊಟ್ಟು ಖಾತೆ ತೆರೆದಿಡಿ. ಖಾತೆ ಚಾಲೂ ಮಾಡುವ ಸಂಕೇತದ ಒಂದು ಭಾಗ ಇಮೇಲ್‌ನಲ್ಲಿ ಬರುತ್ತದೆ, ಇನ್ನೊಂದು ಅಂಚೆಯಲ್ಲಿ. ನಮ್ಮ ಹುಡುಗರು ಎಡವುವುದು ಇಲ್ಲೇ. ಅಕ್ಟೋಬರ್‌ನಲ್ಲಿ ಕೋಣೆ ಬದಲಾಯಿಸಿರುತ್ತಾರೆ, ಹೊಸ ಮನೆಯ ಅಂಚೆ ಡಬ್ಬಿಯ ಮೇಲೆ ಹೆಸರಿರುವುದಿಲ್ಲ. ಡಬ್ಬಿಯ ಮೇಲೆ ಹೆಸರು ಕಾಣದಿದ್ದರೆ ಜರ್ಮನಿಯ ಅಂಚೆಯವರು ಪತ್ರ ಹಾಕದೆ ಹಿಂದಕ್ಕೆ ಕಳಿಸುತ್ತಾರೆ. ಒಂದು ಚೀಟಿಯ ಮೇಲೆ ಹೆಸರು ಬರೆದು ಇವತ್ತೇ ಅಂಟಿಸಿ.

ಆಮೇಲೆ ಮುಖ್ಯ ನಮೂನೆ, ಸಂಬಳಕ್ಕೆ ‘ಆನ್‌ಲಾಗೆ ಎನ್’, ವಿಮೆ ಮತ್ತು ಪಿಂಚಣಿಗೆ ‘ಆನ್‌ಲಾಗೆ ಫೋರ್‌ಸೋರ್ಗೆಆಫ್‌ವಾಂಡ್’, ಇಷ್ಟು ತುಂಬಿದರೆ ಸಾಕು. ಮಾಲೀಕರು ಕಳಿಸಿದ ಅಂಕಿಗಳನ್ನು ತಾಣವೇ ಎಳೆದುಕೊಳ್ಳುತ್ತದೆ. ಸಂಬಳ ಚೀಟಿಯೊಂದಿಗೆ ತಾಳೆ ನೋಡುವ ಕೆಲಸ ನಿಮ್ಮದು. ಸ್ವಂತ ಇಚ್ಛೆಯಿಂದ ಸಲ್ಲಿಸುವವರಿಗೆ ನಾಲ್ಕು ವರ್ಷದ ಅವಕಾಶವಿದೆ, ಅಂದರೆ 2025ರ ಲೆಕ್ಕಕ್ಕೆ 2029ರ ಡಿಸೆಂಬರ್ 31. ಕೊನೆಗೆ ‘ಷ್ಟೊಯರ್‌ಬೆಶೈಡ್’ ಎಂಬ ಆದೇಶ ಬರುತ್ತದೆ. ಅದರಲ್ಲಿ ತಪ್ಪಿದ್ದರೆ ಒಂದು ತಿಂಗಳೊಳಗೆ ಆಕ್ಷೇಪಣೆ ಹಾಕಬೇಕು. ಹಣ ಬಂದು ಬೀಳುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ.

ಪ್ರಶ್ನೆ: ಕಾರ್ಖಾನೆಯ ಕೆಲಸದ ಜೊತೆಗೆ ಶನಿವಾರ, ಭಾನುವಾರ ಇನ್ನೊಂದು ಕಡೆ ಹೋಗುತ್ತಿದ್ದೆ. ಎರಡನೆಯ ಕಡೆ ವಿಪರೀತ ತೆರಿಗೆ ಹಿಡಿದಿದ್ದಾರೆ.
— ಡಾರ್ಮ್‌ಷ್ಟಾಟ್‌ನಿಂದ

ಉತ್ತರ: ಚೀಟಿಯಲ್ಲಿ ತೆರಿಗೆ ವರ್ಗ 6 ಎಂದಿದೆಯೇ ನೋಡಿ. ಒಂಟಿ ವಿದ್ಯಾರ್ಥಿಗೆ ಮೊದಲ ಕೆಲಸದಲ್ಲಿ ವರ್ಗ 1. ಅದೇ ಹೊತ್ತಿಗೆ ನಡೆಯುವ ಎರಡನೆಯ ಕೆಲಸಕ್ಕೆ ವರ್ಗ 6, ಅದರಲ್ಲಿ ತೆರಿಗೆರಹಿತ ಮಿತಿಯೇ ಇಲ್ಲ. ಷ್ಟೊಯರ್ ಐಡಿ ಕೊಡದೆ ಕೆಲಸಕ್ಕೆ ಸೇರಿದವರಿಗೂ ಇದೇ ಗತಿ. ಇದೂ ಮರಳುವ ಹಣವೇ. ಆದರೆ ಏಕಕಾಲಕ್ಕೆ ಇಬ್ಬರು ಮಾಲೀಕರಿದ್ದು ಒಂದರಲ್ಲಿ ವರ್ಗ 6 ಆಗಿದ್ದರೆ ತೆರಿಗೆ ವಿವರ ಸಲ್ಲಿಸುವುದು ನಿಮಗೆ ಕಡ್ಡಾಯ. ನಾಲ್ಕು ವರ್ಷದ ಸಡಿಲಿಕೆ ನಿಮಗಿಲ್ಲ, ಗಡುವು 2026ರ ಜುಲೈ 31.

ಪ್ರಶ್ನೆ: ಮಗನ ಸಂಬಳ ಚೀಟಿಯಲ್ಲಿ ‘ಕಿರ್ಷನ್‌ಷ್ಟೊಯರ್’ ಎಂದು ತಿಂಗಳಿಗೆ 14.80 ಯೂರೊ ಕಡಿದಿದ್ದಾರೆ. ಏನಿದು?
— ಮಂಗಳೂರಿನ ತಂದೆ, ಮಗ ಷ್ಟುಟ್‌ಗಾರ್ಟ್‌ನಲ್ಲಿ

ಉತ್ತರ: ಚರ್ಚ್ ತೆರಿಗೆ. ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮದ ಕಲಂನಲ್ಲಿ ರೋಮನ್ ಕ್ಯಾಥೊಲಿಕ್ ಎಂದು ಬರೆಸಿದರೆ ಸಂಬಳದಿಂದ ಇದು ತಾನಾಗಿ ಕಡಿತವಾಗುತ್ತದೆ. ಷ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಮತ್ತು ಬವೇರಿಯದಲ್ಲಿ ಆದಾಯ ತೆರಿಗೆಯ ಶೇ 8, ಉಳಿದೆಡೆ ಶೇ 9. ವರ್ಷದ ತೆರಿಗೆ ಸೊನ್ನೆಯಾದರೆ ಇದೂ ಸೊನ್ನೆ, ಅದರೊಂದಿಗೇ ಮರಳುತ್ತದೆ.

ಪ್ರಶ್ನೆ: ರಜೆಯಲ್ಲಿ 11 ವಾರ, ವಾರಕ್ಕೆ ಐದು ದಿನ ಪೂರ್ತಿ ಕೆಲಸ ಮಾಡಿದೆ. ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ದಿನ ಮಾತ್ರ ಕೆಲಸ ಮಾಡಬಹುದು ಅಂತಾರೆ. 55 ದಿನ ಖರ್ಚಾಯಿತಲ್ಲ, ಉಳಿದ 85ರಲ್ಲಿ ವರ್ಷ ಕಳೆಯಬೇಕೆ?
— ಕೆಮ್ನಿಟ್ಸ್‌ನಲ್ಲಿರುವ ದಾವಣಗೆರೆಯವರು

ಉತ್ತರ: ಇಲ್ಲ, ನಿಮ್ಮ ಹತ್ತಿರ 112.5 ದಿನ ಉಳಿದಿದೆ. 2024ರ ಮಾರ್ಚ್‌ನಲ್ಲಿ ನಿಯಮ ಬದಲಾಗಿದೆ, ಹಳೆಯ 120 ದಿನದ ಲೆಕ್ಕವನ್ನೇ ಇನ್ನೂ ಹೇಳುವವರಿದ್ದಾರೆ. ಈಗ 140 ಪೂರ್ತಿ ದಿನ ಅಥವಾ 280 ಅರ್ಧ ದಿನ, ನಾಲ್ಕು ಗಂಟೆವರೆಗಿನದು ಅರ್ಧ ದಿನ. ಇದರ ಜೊತೆಗೆ ವಾರದ ಲೆಕ್ಕವೂ ಬಂದಿದೆ. ಪಾಠ ನಡೆಯುವ ವಾರದಲ್ಲಿ 20 ಗಂಟೆವರೆಗೆ ದುಡಿದರೆ ಎರಡೂವರೆ ದಿನ. ಪಾಠವಿಲ್ಲದ ವಾರದಲ್ಲಿ ಎಷ್ಟೇ ಗಂಟೆ ದುಡಿದರೂ ಎರಡೂವರೆಯೇ ದಿನ. ಎರಡರಲ್ಲಿ ವಿದ್ಯಾರ್ಥಿಗೆ ಯಾವುದು ಅನುಕೂಲವೋ ಅದನ್ನು ಹಿಡಿಯಬೇಕೆಂದು ಕಾನೂನೇ ಹೇಳುತ್ತದೆ. ನಿಮಗೆ 11 ವಾರಕ್ಕೆ 27.5 ದಿನ ಮಾತ್ರ ಖರ್ಚು.

ಸಿಬ್ಬಂದಿ ವಿಭಾಗದವರು ದಿನದ ಲೆಕ್ಕವನ್ನೇ ಹಿಡಿದು ‘ನಿಮ್ಮ ದಿನ ಮುಗಿಯಿತು’ ಎನ್ನುವುದುಂಟು. ಆದ್ದರಿಂದ ಪಾಠವಿಲ್ಲದ ಅವಧಿಯ ತಾರೀಖು ಇರುವ ವಿಶ್ವವಿದ್ಯಾಲಯದ ಪುಟವನ್ನು ಮುದ್ರಿಸಿ, ತಾರೀಖು ಮತ್ತು ಗಂಟೆ ಬರೆದ ನಿಮ್ಮದೇ ಪಟ್ಟಿಯೊಂದಿಗೆ ಇಟ್ಟುಕೊಳ್ಳಿ. ಸೆಮಿಸ್ಟರ್ ಸೆಪ್ಟೆಂಬರ್ 30ಕ್ಕೆ ಮುಗಿದರೂ ಪಾಠ ನಿಲ್ಲುವುದು ಜುಲೈನಲ್ಲೇ, ಲೆಕ್ಕಕ್ಕೆ ಬೇಕಾದದ್ದು ಪಾಠದ ತಾರೀಖು. ಒಂದು ವಿಷಯ ಮಾತ್ರ ಗಂಭೀರ: ನೌಕರಿಯ ಕರಾರು ಇಲ್ಲದೆ ಸ್ವಂತ ಉದ್ಯೋಗದ ಲೆಕ್ಕದಲ್ಲಿ ಮಾಡುವ ಕೆಲಸ ಈ ದಿನಗಳ ಒಳಗೆ ಬರುವುದೇ ಇಲ್ಲ. ಅದಕ್ಕೆ ವಿದೇಶಿಯರ ಕಚೇರಿಯ ಪ್ರತ್ಯೇಕ ಅನುಮತಿ ಬೇಕು.

ಪ್ರಶ್ನೆ: ಎರಡು ತಿಂಗಳಲ್ಲಿ ಒಂದು ದಿನವೂ ರಜೆ ತೆಗೆದುಕೊಳ್ಳಲಿಲ್ಲ. ಅದಕ್ಕೆ ಏನಾದರೂ ಸಿಗುತ್ತದೆಯೇ?
— ಬ್ರೆಮನ್‌ನಿಂದ

ಉತ್ತರ: ಸಿಗುತ್ತದೆ, ಕೇಳಿದವರಿಗೆ. ವಾರಕ್ಕೆ ಐದು ದಿನದ ಕೆಲಸಕ್ಕೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ. ಪೂರ್ತಿ ದುಡಿದ ಪ್ರತಿ ತಿಂಗಳಿಗೆ ಅದರ ಹನ್ನೆರಡನೇ ಒಂದು ಪಾಲು. ಎರಡು ತಿಂಗಳಿಗೆ 3.33 ದಿನ. ದಿನಕ್ಕೆ ಎಂಟು ಗಂಟೆ, ಗಂಟೆಗೆ 13.50 ಆದರೆ 360 ಯೂರೊ. ಕೊನೆಯ ಸಂಬಳ ಚೀಟಿಯಲ್ಲಿ ‘ಉರ್ಲೌಬ್ಸ್‌ಆಬ್‌ಗೆಲ್ಟುಂಗ್’ ಎಂಬ ಸಾಲು ಇಲ್ಲದಿದ್ದರೆ ಇಮೇಲ್ ಬರೆದು ಕೇಳಿ. ತಡ ಮಾಡಬೇಡಿ, ಬಾಕಿಯನ್ನು ಮೂರು ತಿಂಗಳೊಳಗೆ ಕೇಳಬೇಕೆಂಬ ಷರತ್ತು ಅನೇಕ ಕರಾರುಗಳ ಕೊನೆಯ ಪುಟದಲ್ಲಿರುತ್ತದೆ.

ಪ್ರಶ್ನೆ: ಕೆಲಸ ಮುಗಿಸಿ, ಯೂರೋಪಿನ ಹಲವು ದೇಶಗಳ ರೈಲುಗಳಿಗೆ ನಡೆಯುವ ಇಂಟರ್‌ರೇಲ್ ಪಾಸ್‌ನಲ್ಲಿ ಸುತ್ತಿದೆ. ಸ್ವಿಟ್ಜರ್ಲೆಂಡ್‌ನಲ್ಲಿ ಕಾಲು ಉಳುಕಿದಾಗ ನನ್ನ ಜರ್ಮನ್ ವಿಮೆ ಕಾರ್ಡ್ ನಡೆಯಲಿಲ್ಲ. ಜೊತೆಗಿದ್ದ ಜರ್ಮನ್ ಗೆಳತಿಯದು ನಡೆಯುತ್ತದಂತೆ. ಫ್ರಾನ್ಸ್‌ನಲ್ಲಿ ಪಾಸ್ ಇದ್ದೂ ರೈಲು ಹತ್ತಲು ಬಿಡಲಿಲ್ಲ.
— ಮೈಸೂರಿನ ವಿದ್ಯಾರ್ಥಿನಿ, ಈಗ ಲೈಪ್‌ಸಿಗ್

ಉತ್ತರ: ಕಾರ್ಡ್‌ನ ಹಿಂಬದಿಯಲ್ಲಿರುವುದು ಯೂರೋಪಿಯನ್ ಆರೋಗ್ಯ ವಿಮೆ. ಯೂರೋಪ್ ಒಕ್ಕೂಟದ ಪ್ರಜೆಗಳಲ್ಲದವರಿಗೆ ಅದು ಡೆನ್ಮಾರ್ಕ್, ಐಸ್‌ಲ್ಯಾಂಡ್, ಲೀಖ್ಟನ್‌ಷ್ಟೈನ್, ನಾರ್ವೆ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ ನಡೆಯುವುದಿಲ್ಲ. ಕಾರ್ಡ್ ನೋಡಲು ಒಂದೇ ಥರ ಇರುವುದರಿಂದ ಇದು ಮೊದಲೇ ಗೊತ್ತಾಗುವುದಿಲ್ಲ. ಮುಂದಿನ ಸಲ ಹೊರಡುವ ಮೊದಲು ಪ್ರವಾಸದ ಪ್ರತ್ಯೇಕ ಆರೋಗ್ಯ ವಿಮೆ ಮಾಡಿಸಿ, ವರ್ಷಕ್ಕೆ ಹತ್ತಿಪ್ಪತ್ತು ಯೂರೊದಲ್ಲಿ ಸಿಗುತ್ತದೆ.

ಪಾಸ್ ಎಂದರೆ ಪ್ರಯಾಣದ ಹಕ್ಕು, ಸೀಟಿನ ಹಕ್ಕಲ್ಲ. ಫ್ರಾನ್ಸ್‌ನ ಟಿಜಿವಿ, ಇಟಲಿ ಮತ್ತು ಸ್ಪೇನ್‌ನ ವೇಗದ ರೈಲುಗಳಿಗೆ ಸೀಟು ಕಾಯ್ದಿರಿಸಲೇಬೇಕು, ಅದಕ್ಕೆ ಬೇರೆ ಹಣ. ಪಾಸ್‌ದಾರರಿಗೆಂದು ಇಟ್ಟ ಸೀಟುಗಳು ಬೇಸಿಗೆಯಲ್ಲಿ ಬೇಗ ಮುಗಿಯುತ್ತವೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನ ಹೆಚ್ಚಿನ ರೈಲುಗಳಿಗೆ ಈ ಗೊಡವೆಯಿಲ್ಲ. ಇಂಟರ್‌ರೇಲ್ ಕೊಳ್ಳಲು ಯೂರೋಪಿನ ಪೌರತ್ವ ಬೇಕಿಲ್ಲ, ಅಲ್ಲಿ ವಾಸವಿದ್ದರೆ ಸಾಕು. ಆದರೆ ವಾಸದ ದೇಶದೊಳಗೆ ಹೊರಡಲು ಒಂದು, ಮರಳಲು ಒಂದು ದಿನ ಮಾತ್ರ ಪಾಸ್ ನಡೆಯುತ್ತದೆ. ವಾಸದ ಕಾರ್ಡ್ ಮತ್ತು ಪಾಸ್‌ಪೋರ್ಟ್ ಎರಡರ ಮೂಲ ಪ್ರತಿಯೂ ಜೊತೆಗಿರಲಿ, ರಾತ್ರಿ ಬಸ್ಸುಗಳಲ್ಲಿ ಗಡಿ ಪೊಲೀಸರು ಕೇಳುತ್ತಾರೆ.

ಪ್ರಶ್ನೆ: ಮಗಳಿಗೆ ಕಂಪನಿಯವರು ಅನುಭವ ಪತ್ರ ಕೊಟ್ಟಿದ್ದಾರೆ. ಓದಿದರೆ ಹೊಗಳಿಕೆಯ ಹಾಗಿದೆ. ಅವಳಿಗೆ ಮಾತ್ರ ಸಮಾಧಾನವಿಲ್ಲ.
— ಶಿವಮೊಗ್ಗದ ತಾಯಿ

ಉತ್ತರ: ಮಗಳ ಅನುಮಾನಕ್ಕೆ ಕಾರಣವಿದೆ, ತಾಯಿ. ಜರ್ಮನಿಯ ‘ಆರ್ಬೈಟ್ಸ್‌ತ್ಸೊಯ್ಗ್‌ನಿಸ್’ನಲ್ಲಿ ಕೆಟ್ಟ ಮಾತು ಬರೆಯುವ ಪದ್ಧತಿಯಿಲ್ಲ, ಅಂಕಗಳು ಹೊಗಳಿಕೆಯೊಳಗೇ ಅಡಗಿರುತ್ತವೆ. ‘ಷ್ಟೇಟ್ಸ್ ತ್ಸು ಉನ್ಸರರ್ ಫೋಲ್ಸ್ಟನ್ ತ್ಸುಫ್ರೀಡನ್‌ಹೈಟ್’, ಅಂದರೆ ಸದಾ ನಮಗೆ ಪರಿಪೂರ್ಣ ತೃಪ್ತಿ, ಇದು ಮೊದಲ ದರ್ಜೆ. ‘ಫೋಲ್ಸ್ಟನ್’ ಬದಲು ‘ಫೋಲ್ಲನ್’ ಇದ್ದರೆ ಎರಡನೆಯದು. ‘ಷ್ಟೇಟ್ಸ್’ ಎಂಬ ಪದವೂ ಬಿದ್ದುಹೋಗಿದ್ದರೆ ಮೂರನೆಯದು. ಬರೀ ‘ತೃಪ್ತಿ’ ಎಂದಿದ್ದರೆ ನಾಲ್ಕನೆಯದು. ‘ಪ್ರಯತ್ನ ಪಟ್ಟರು’ ಎಂಬರ್ಥದ ‘ಬೆಮ್ಯೂಟ್’ ಕಂಡರೆ ಕೆಲಸ ಆಗಲಿಲ್ಲ ಎಂದು ಅರ್ಥ. ಕೆಲಸ, ನಡತೆ ಎರಡನ್ನೂ ವಿವರಿಸುವ ‘ಕ್ವಾಲಿಫಿತ್ಸೀರ್ಟಸ್’ ಪತ್ರ ಪಡೆಯುವ ಹಕ್ಕು ಬೇಸಿಗೆ ಕೆಲಸದವರಿಗೂ ಇದೆ, ಕೇಳಿ ಪಡೆಯಬೇಕು ಅಷ್ಟೆ. ಮಗಳದು ಮೂರನೆಯ ದರ್ಜೆಗಿಂತ ಕೆಳಗಿದ್ದರೆ ತಿದ್ದಿಕೊಡಿ ಎಂದು ಮೇಲ್ವಿಚಾರಕರಿಗೆ ಬರೆಯಲಿ. ಅದಕ್ಕೆ ಕಾರಣ ತೋರಿಸುವ ಹೊಣೆ ಕಂಪನಿಯದು. ಕೊನೆಯಲ್ಲಿ ಧನ್ಯವಾದ, ಶುಭ ಹಾರೈಕೆಯ ಸಾಲು ಇಲ್ಲದಿದ್ದರೆ ವಿನಂತಿಸಿಕೊಳ್ಳಬಹುದು. ಆ ಸಾಲು ಬರೆಯಲೇಬೇಕೆಂದು ಅಲ್ಲಿನ ನ್ಯಾಯಾಲಯಗಳು ಒತ್ತಾಯಿಸುವುದಿಲ್ಲ.